ಹದಿನಾಲ್ಕನೆಯ ಉತ್ತರ

ಮೂರನೆಯ ಪುಟದ ಏಳನೆಯ ಪ್ರಶ್ನೆಗೆ ಬಂದಾಗ ಅನುವಾದಕನಿಗೆ ನಗು ತಡೆಯಲಾಗಲಿಲ್ಲ. ಎರಡು ದೇಶಗಳ ನಡುವೆ ಓಡಾಡುವ ಕಾಗದಗಳಲ್ಲಿ ನಗುವಂಥದ್ದೇನೂ ಇರುವುದಿಲ್ಲ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಕಡತ ಓದುತ್ತ ಅವನು ನಕ್ಕಿದ್ದು ಎರಡೋ ಮೂರೋ ಸಲ. ಆಚೆ ದೇಶದ ಸರಕಾರಿ ವಕೀಲರು ಬಹಳ ಗಂಭೀರವಾಗಿ ಬರೆದಿದ್ದರು. ಮೂವತ್ತೇಳನೆಯ ಹೇಳಿಕೆಯ ಹದಿನಾಲ್ಕನೆಯ ಉತ್ತರದ ಪ್ರಕಾರ, ಗುಂಪಿನ ಮುಖ್ಯಸ್ಥನು ಪ್ರತಿ ಭಾನುವಾರ ಆರೋಪಿ ಅಡುಗೆಯವಳ ಜೊತೆ ಫೋನಿನಲ್ಲಿ ಮಾತಾಡುವಾಗ ಮೊದಲು ‘ಊಟ ಆಯಿತೇ’ ಎಂದು ಕೇಳುತ್ತಿದ್ದ. ಇದು ಸಂಕೇತವಾಕ್ಯವಿರಬೇಕೆಂದು ನಮ್ಮ ತನಿಖಾಧಿಕಾರಿಗಳ ಅಭಿಪ್ರಾಯ. ಇದರ ನಿಜವಾದ ಅರ್ಥವನ್ನು ತಿಳಿಸಿ ಸಹಕರಿಸಬೇಕೆಂದು ಕೋರಲಾಗಿದೆ.

ಐದು ನಿಮಿಷದ ಹಿಂದಷ್ಟೇ ಅವನ ಹೆಂಡತಿ ಫೋನು ಮಾಡಿ ಇದನ್ನೇ ಕೇಳಿದ್ದಳು. ದಿನಾ ಒಂದೂವರೆಗೆ ಕೇಳುತ್ತಾಳೆ. ಅವನು ಕಡತದಿಂದ ತಲೆ ಎತ್ತದೆ ಆಯ್ತು ಅನ್ನುತ್ತಾನೆ, ಅವಳು ಇಟ್ಟುಬಿಡುತ್ತಾಳೆ. ಎದುರು ಮೇಜಿನ ಟೈಪಿಸ್ಟ್ ಹೆಂಗಸಿಗೆ ಅವನು ಪುಟವನ್ನು ತಿರುಗಿಸಿ ತೋರಿಸಿದ.

“ನಮ್ಮನೇಲೂ ಒಂದು ಗ್ಯಾಂಗ್ ಇದೆ ಕಣಮ್ಮ. ದಿನಾ ಸಂಕೇತ ಬರುತ್ತೆ.”

ಟೈಪಿಸ್ಟ್ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಮ್ಮ ಮನೆಯವರಂತೂ ಕೇಳುವುದೂ ಇಲ್ಲ, ಅವರು ಗ್ಯಾಂಗಿಗೆ ಸೇರಿದವರಲ್ಲ ಅಂದಳು. ಅನುವಾದಕ ಇನ್ನೂ ನಗುತ್ತಲೇ ಪೆನ್ನಿನ ಮುಚ್ಚಳ ತೆಗೆದ. ಉತ್ತರ ಬರೆಯುವುದು ಏನು ಕಷ್ಟ? ಇದು ಸಂಕೇತವಲ್ಲ, ನಮ್ಮ ಜನ ಒಬ್ಬರನ್ನೊಬ್ಬರು ಮಾತಾಡಿಸುವ ರೀತಿ ಎಂದು ಎರಡು ಸಾಲು ಗೀಚಿದರೆ ಮುಗಿಯಿತು. ಮೊದಲ ಸಾಲು ಬರೆದ. ಎರಡನೆಯ ಸಾಲಿಗೆ ಕೈ ನಿಂತಿತು. ಜನರನ್ನು ಕೂಡಿಹಾಕಿ ಹೊಡೆಸುವ ಗುಂಪಿನ ಮುಖ್ಯಸ್ಥ, ಅಡುಗೆಯವಳಿಗೆ ವಾರವಾರವೂ ಊಟ ಆಯ್ತಾ ಅಂತ ಯಾಕೆ ಕೇಳುತ್ತಾನೆ?

ಅವನು ಎದ್ದು ಹೋಗಿ ಬೀರುವಿನಿಂದ ಮೂಲ ಹೇಳಿಕೆಯ ಕಟ್ಟನ್ನು ತೆಗೆದ.

ಆ ಪ್ರಕರಣ ಅವನಿಗೆ ಬಾಯಿಪಾಠವಾಗಿತ್ತು. ಒಳ್ಳೆ ಕೆಲಸ ಕೊಡಿಸುತ್ತೇವೆಂದು ಜನರನ್ನು ಗಡಿ ದಾಟಿಸಿ, ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಎತ್ತರದ ಕಾಂಪೌಂಡಿನ ಕಟ್ಟಡದಲ್ಲಿ ಕೂರಿಸಿ, ಫೋನಿನ ಮೂಲಕ ಊರೂರಿನವರನ್ನು ವಂಚಿಸುವ ಕೆಲಸ ಮಾಡಿಸುತ್ತಿದ್ದ ಗುಂಪು ಅದು. ಎರಡು ದೇಶದ ಪೊಲೀಸರು ಸೇರಿ ದಾಳಿ ಮಾಡಿದರು. ಗುಂಪಿನವರು ಫೋನುಗಳನ್ನೆಲ್ಲ ನೀರಿನ ಟ್ಯಾಂಕಿಗೆ ಹಾಕಿ ಹಾಳು ಮಾಡಿದ್ದರಿಂದ ಬಾಯಿಮಾತಿನ ಹೇಳಿಕೆಗಳೇ ಗತಿಯಾದವು. ಸಿಕ್ಕ ನಲವತ್ತೊಂದು ಜನರೂ ನಮ್ಮವರೇ. ನಮ್ಮ ರಾಯಭಾರ ಕಚೇರಿಯವರು ಒಬ್ಬೊಬ್ಬರ ಹೇಳಿಕೆ ಪಡೆದು ಕಳಿಸಿದರು, ಇವನು ಒಂಬತ್ತು ವಾರ ಕೂತು ಅವನ್ನು ಆಚೆ ದೇಶದ ಭಾಷೆಗೆ ತಂದ. ಅಲ್ಲಿನ ನ್ಯಾಯಾಲಯ ಅವನ್ನು ಓದಿ ಎರಡು ಪಟ್ಟಿ ಮಾಡಿತು. ಮೊದಲ ಪಟ್ಟಿಯವರು ಮೋಸಹೋದವರು, ಮನೆಗೆ ಬರುತ್ತಾರೆ. ಎರಡನೆಯ ಪಟ್ಟಿಯವರು ಗುಂಪಿನವರು, ಅಲ್ಲೇ ಜೈಲಿನಲ್ಲಿದ್ದು ವಿಚಾರಣೆ ಎದುರಿಸಬೇಕು. ಎರಡನೆಯ ಪಟ್ಟಿಯಲ್ಲಿ ಹದಿನೆಂಟು ಗಂಡಸರು, ಒಬ್ಬಳು ಅಡುಗೆಯವಳು.

ಒಂದು ಪದಕ್ಕೆ ಒಂದೇ ಅರ್ಥ ಎಂಬುದು ಆ ವಿಭಾಗದ ನಿಯಮ. ನಿಯಮ ಮಾಡಿದವನೂ ಅವನೇ. ದೊಡ್ಡ ಪ್ರಕರಣ ಬಂದಾಗ ಮೊದಲು ಪದಪಟ್ಟಿ ಬರೆದುಕೊಳ್ಳುತ್ತಿದ್ದ, ಕೊನೆಯವರೆಗೂ ಅದನ್ನು ಬಿಟ್ಟು ಅತ್ತಿತ್ತ ಸರಿಯುತ್ತಿರಲಿಲ್ಲ. ಅದಕ್ಕೇ ಕಚೇರಿಯಲ್ಲಿ ಅವನಿಗೆ ನಿಘಂಟು ಎಂಬ ಅಡ್ಡಹೆಸರು. ಮುಂದೆ ಸಾರ್, ಹಿಂದೆ ನಿಘಂಟು. ಈ ಪ್ರಕರಣದಲ್ಲಿ ಹದಿನೆಂಟು ಗಂಡಸರೂ ತಮ್ಮ ಮುಖ್ಯಸ್ಥನನ್ನು ‘ಯಜಮಾನ್ರು’ ಎಂದೇ ಕರೆದಿದ್ದರು. ಯಜಮಾನ್ರು ಹೊಡೀರಿ ಅಂದ್ರು, ಯಜಮಾನ್ರು ಬೀಗ ಹಾಕಿ ಅಂದ್ರು. ಪದಪಟ್ಟಿಯ ಮೊದಲನೆಯ ಸಾಲೇ ಅದು. ಯಜಮಾನ ಎಂದರೆ ಗುಂಪಿನ ಮುಖ್ಯಸ್ಥ.

ಈಗ ಅವನು ಮೂವತ್ತೇಳನೆಯ ಹೇಳಿಕೆಯ ಹದಿನಾಲ್ಕನೆಯ ಉತ್ತರವನ್ನು ಪದಪಟ್ಟಿಯಿಲ್ಲದೆ ಓದಿದ.

“ಯಜಮಾನ್ರನ್ನ ಕೇಳ್ದೆ ನಾನು ಏನೂ ಮಾಡಿಲ್ಲ. ಹೋಗು ಅಂದಿದ್ದೂ ಅವ್ರೇ. ಭಾನುವಾರ ನಾಲ್ಕು ಗಂಟೆಗೆ ಫೋನಲ್ಲಿ ಮಾತಾಡ್ತಿದ್ವಿ. ಊಟ ಆಯ್ತಾ ಅಂತ ಕೇಳೋರು. ಬಂದ್ಬಿಡ್ಲಾ ಅಂದೆ. ಇನ್ನೆರಡು ತಿಂಗಳು ಇರು, ಹೆಂಗೋ ತಡ್ಕೊ ಅಂದ್ರು. ಅವ್ರ ಮಾತು ಮೀರಕ್ಕಾಗುತ್ತಾ?”

ಅವನು ಕುರ್ಚಿಯಲ್ಲಿ ಕೂತ. ಇನ್ನೊಮ್ಮೆ ಓದಿದ. ಇದನ್ನು ಹಾದಿಯಲ್ಲಿ ಹೋಗುವ ಯಾರಿಗೆ ಓದಿ ಹೇಳಿದರೂ, ಗಂಡನ ವಿಷಯ ಮಾತಾಡುತ್ತಿದ್ದಾಳೆ ಅನ್ನುತ್ತಾರೆ. ಅದಕ್ಕೆ ನಿಘಂಟು ಬೇಕಿಲ್ಲ. ಮೂವತ್ತಾರು ಹೇಳಿಕೆ ಮುಗಿಸಿ ತಲೆ ಚಿಟ್ಟು ಹಿಡಿದಿದ್ದ ಹೊತ್ತಿನಲ್ಲಿ, ಪಟ್ಟಿ ನೋಡಿ, ಅವಳ ಗಂಡನನ್ನು ಗುಂಪಿನ ಮುಖ್ಯಸ್ಥನನ್ನಾಗಿ ಮಾಡಿದ್ದ. ಕೆಳಗೆ ತನ್ನ ತಿಳಿವಿನ ಮಟ್ಟಿಗೆ ಸರಿಯಾಗಿದೆ ಎಂದು ಬರೆದು ತನ್ನ ಹತ್ತೊಂಬತ್ತನೆಯ ನಂಬರಿನ ಮುದ್ರೆಯನ್ನೂ ಒತ್ತಿದ್ದ. ಎರಡು ದೇಶದ ಪೊಲೀಸರು ಏಳು ತಿಂಗಳಿಂದ ಹುಡುಕುತ್ತಿದ್ದ ಯಜಮಾನ ಸಿಕ್ಕಿರಲಿಲ್ಲ. ಆದರೆ ಅವನ ಜೊತೆ ವಾರವಾರ ಮಾತಾಡುತ್ತಿದ್ದವಳು ಸಿಕ್ಕಿದ್ದಾಳೆಂದು ಆಚೆ ಕಡೆಯವರಿಗೆ ಖುಷಿಯಾಗಿತ್ತು. ಪತ್ರದ ಕೊನೆಯಲ್ಲಿ ಅದೂ ಇತ್ತು. ಬರುವ ಗುರುವಾರ ವಿಚಾರಣೆ, ಸಾಬೀತಾದರೆ ಹನ್ನೆರಡು ವರ್ಷ. ತಮ್ಮ ಅಮೂಲ್ಯ ಸಹಕಾರಕ್ಕೆ ಧನ್ಯವಾದಗಳು.

ಆ ಗಂಡನನ್ನು ಅನುವಾದಕ ಬಲ್ಲ. ಇಡೀ ಕಚೇರಿಯೇ ಬಲ್ಲದು. ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಸ್ಕ್ರೂಡ್ರೈವರ್ ಇರುತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಂದು, ಕೌಂಟರಿನಲ್ಲಿ ಹೆಂಡತಿಯ ಕಡತದ ನಂಬರು ಹೇಳಿ, ವಿಚಾರಣೆ ನಡೀತಾ ಇದೆ ಎಂಬ ಉತ್ತರ ಪಡೆದು, ಆಮೇಲೂ ಹೋಗದೆ ಕಾರಿಡಾರಿನ ಬೆಂಚಿನ ಮೇಲೆ ಐದರವರೆಗೆ ಕೂರುತ್ತಿದ್ದ. ಎಲ್ಲರೂ ಅವನಿಗೆ ಸೋಮವಾರ ಎಂದೇ ಹೆಸರಿಟ್ಟಿದ್ದರು. ತೊಡೆಯ ಮೇಲೆ ಒಂದು ಸ್ಟೀಲಿನ ಡಬ್ಬಿ. ಅದನ್ನು ಅವನು ಅಲ್ಲಿ ತೆರೆದದ್ದನ್ನು ಯಾರೂ ಕಂಡಿಲ್ಲ. ಬಾಗಿಲ ಕಾವಲಿನವನು ಒಂದೆರಡು ಸಲ ಊಟ ಮಾಡಪ್ಪ ಎಂದು ಗದರಿದ್ದನಂತೆ, ಮನೆಗೆ ಹೋಗಿ ಮಾಡ್ತೀನಿ ಅಂದನಂತೆ. ಏಳು ತಿಂಗಳಿಂದ ಅನುವಾದಕ ಅವನ ಮುಂದೆಯೇ ಕೈ ತೊಳೆಯಲು ಹೋಗಿಬರುತ್ತಿದ್ದ.

ಉಪಕಾರ್ಯದರ್ಶಿಯ ಕೋಣೆಯಲ್ಲಿ ಎರಡು ದೇಶದ ಪುಟ್ಟ ಬಾವುಟಗಳು ರಟ್ಟಿನ ಪೆಟ್ಟಿಗೆಯಿಂದ ಹೊರಬಂದು ಮೇಜಿನ ಮೇಲೆ ಮಲಗಿದ್ದವು. ಬುಧವಾರ ಆಚೆ ದೇಶದ ನಿಯೋಗ ಬರುವುದಿತ್ತು. ಇಂಥ ಗುಂಪುಗಳನ್ನು ಹಿಡಿಯಲು ಎರಡೂ ದೇಶ ಒಟ್ಟಿಗೆ ಕೆಲಸ ಮಾಡುವ ಒಪ್ಪಂದಕ್ಕೆ ಅಂದು ಸಹಿ. ಉಪಕಾರ್ಯದರ್ಶಿ ನಾಲ್ಕು ವರ್ಷ ಓಡಾಡಿ, ಕಾಡಿ ಬೇಡಿ, ಅದನ್ನು ಅಲ್ಲಿಯವರೆಗೆ ಎಳೆದು ತಂದಿದ್ದಳು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಅವನು ಹೇಳಿದ್ದನ್ನೆಲ್ಲ ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

ಅವಳು ಕೆಟ್ಟವಳಲ್ಲ. ಬಯ್ಯಲಿಲ್ಲ, ಕಿರುಚಲಿಲ್ಲ. ನೀವೇ ಹೀಗೆ ಮಾಡಿದರೆ ಹೇಗೆ ಎಂದು ಒಂದು ಸಲ ಅಂದಳು ಅಷ್ಟೇ. ಆಮೇಲೆ ತನ್ನ ಕಷ್ಟ ಹೇಳಿದಳು. ಮುದ್ರೆ ಬಿದ್ದು ಹೋದ ಅನುವಾದವನ್ನು ತಿದ್ದಬೇಕಾದರೆ ಸರಕಾರದಿಂದ ಸರಕಾರಕ್ಕೆ ಪತ್ರ ಹೋಗಬೇಕು, ನಾವು ಪ್ರಮಾಣ ಮಾಡಿ ಕಳಿಸಿದ್ದು ತಪ್ಪು ಎಂದು ನಾವೇ ಬರೆದುಕೊಡಬೇಕು.

“ಒಂದು ತಪ್ಪು ಅಂತ ಬರ್ಕೊಟ್ರೆ ಉಳಿದ ನಲವತ್ತು ಸರಿ ಅಂತ ಯಾರು ನಂಬ್ತಾರೆ? ಯಜಮಾನ ಅಂದ್ರೆ ಗಂಡ ಅಂತ ನಾವೇ ಒಪ್ಕೊಂಡ್ರೆ, ಆ ಹದಿನೆಂಟು ಜನದ ವಕೀಲರು ಸುಮ್ನಿರ್ತಾರಾ? ಎಲ್ಲಾ ಹೇಳಿಕೆ ಮತ್ತೆ ಮಾಡಿ ಅಂತಾರೆ. ಅಷ್ಟರಲ್ಲಿ ಅವ್ರು ಜಾಮೀನು ತಗೊಂಡು ಕೈಗೆ ಸಿಗದ ಹಾಗೆ ಹೋಗಿರ್ತಾರೆ.”

ಅದು ಸುಳ್ಳಲ್ಲ. ಆ ಗಂಡಸರ ಕೈಯಲ್ಲಿ ಹೊಡೆಸಿಕೊಂಡವರ ಹೇಳಿಕೆಗಳನ್ನೂ ಅನುವಾದ ಮಾಡಿದವನು ಅವನೇ. ಒಬ್ಬನ ಬೆರಳುಗಳ ವಿಷಯ ಬರೆದ ದಿನ ಅವನಿಗೆ ಊಟ ಸೇರಿರಲಿಲ್ಲ.

“ಸಹಿ ಆಗಲಿ. ಆಮೇಲೆ ನೋಡೋಣ” ಅಂದಳು ಉಪಕಾರ್ಯದರ್ಶಿ.

ಆ ಕಟ್ಟಡದಲ್ಲಿ ನೋಡೋಣ ಎಂದರೆ ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಪದಪಟ್ಟಿಯಲ್ಲಿ ಅದಕ್ಕೂ ಒಂದು ಸಾಲಿತ್ತು, ‘ಪರಿಶೀಲಿಸಲಾಗುವುದು’. ಗುರುವಾರ ವಿಚಾರಣೆ ಮುಗಿದ ಮೇಲೆ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ ಎಂದು ಅವನು ಮೆಲ್ಲಗೆ ಹೇಳಿದ. ಅವಳು ಒಂದು ಬಾವುಟವನ್ನು ಎತ್ತಿ ನಿಲ್ಲಿಸಿದಳು, ಅದು ವಾಲಿತು. ಮತ್ತೆ ನಿಲ್ಲಿಸಿದಳು.

ದಾರಿ ಒಂದಿತ್ತು, ಅದನ್ನು ಅವನೇ ಹೇಳಿದ. ಪದಪಟ್ಟಿ ತಪ್ಪು ಎಂದು ಬರೆಯಬೇಕಿಲ್ಲ. ಗಂಡಸರ ಬಾಯಲ್ಲಿ ಯಜಮಾನ ಎಂದರೆ ಮುಖ್ಯಸ್ಥನೇ, ಅದು ಸರಿ. ಹೆಂಗಸು ತನ್ನ ಮನೆಯ ಮಾತಾಡುತ್ತಿದ್ದುದನ್ನು ಗಮನಿಸದೆ ಹೋದದ್ದು ಹತ್ತೊಂಬತ್ತನೆಯ ನಂಬರಿನ ಅನುವಾದಕನ ಸ್ವಂತ ನಿರ್ಲಕ್ಷ್ಯ. ಒಬ್ಬನ ತಪ್ಪು, ಒಂದು ಹೇಳಿಕೆ, ಒಂದು ಉತ್ತರ. ಉಳಿದ ನಲವತ್ತನ್ನು ಯಾರೂ ಮುಟ್ಟಲಾರರು.

“ನಿರ್ಲಕ್ಷ್ಯ ಅಂತ ಬರೆದ್ರೆ ನಿಮ್ಮ ಮುದ್ರೆ ಹೋಗುತ್ತೆ” ಅಂದಳು ಅವಳು. “ಇನ್ನು ನಾಲ್ಕೇ ತಿಂಗಳು ಇದೆ ನಿಮಗೆ.”

“ಗೊತ್ತು ಮೇಡಂ.”

ಕಪ್ಪುಚುಕ್ಕೆಯಿಲ್ಲದೆ ನಿವೃತ್ತರಾದವರು ಮುದ್ರೆಯನ್ನು ಮನೆಗೆ ಒಯ್ಯಬಹುದು, ಸಾಯುವವರೆಗೆ ಪ್ರಮಾಣೀಕೃತ ಅನುವಾದಕ ಎಂದು ಬೋರ್ಡು ಹಾಕಿಕೊಂಡು ಕೂರಬಹುದು. ಹಿತ್ತಾಳೆಯ ಹಿಡಿಯಿರುವ ಆ ದುಂಡನೆಯ ಮುದ್ರೆಯ ಮೇಲೆ ಅವನಿಗೆ ಎಷ್ಟು ಆಸೆಯಿತ್ತೆಂದರೆ, ಅವನ ಹೆಂಡತಿ ಆಗಲೇ ಮುಂದಿನ ಕೋಣೆಯ ಕಿಟಕಿ ಪಕ್ಕಕ್ಕೆ ಒಂದು ಮೇಜು ತಂದು ಹಾಕಿದ್ದಳು. ಬೋರ್ಡಿನ ಅಕ್ಷರ ಎಷ್ಟು ದಪ್ಪ ಇರಬೇಕೆಂದು ಇಬ್ಬರಿಗೂ ಒಂದು ಸಣ್ಣ ಜಗಳವೂ ಆಗಿತ್ತು.

ಶನಿವಾರ ಹೆಂಡತಿಗೆ ಹೇಳಿದ. ಅವಳು ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಪಕ್ಕದ ಮನೆಯವ್ರ ಹತ್ರ ನಾನು ನಿಮ್ಮನ್ನ ಏನಂತೀನಿ?”

“ಯಜಮಾನ್ರು ಅಂತೀಯ.”

“ಮೂವತ್ತೊಂದು ವರ್ಷದಿಂದ ಕಿವಿ ಮೇಲೆ ಬೀಳ್ತಿದೆ.”

ಅವಳಿಗೆ ಸಿಟ್ಟು ಬಂದಿತ್ತು. ಮುದ್ರೆ ಹೋಗುವುದಕ್ಕೋ, ಇಷ್ಟು ವರ್ಷ ತಾನು ಅಂದದ್ದು ಇವನ ಕಿವಿಗೆ ಬಿದ್ದೇ ಇಲ್ಲ ಎಂಬುದಕ್ಕೋ, ಅವಳು ಬಿಡಿಸಿ ಹೇಳಲಿಲ್ಲ. ಊರಿಗೆಲ್ಲ ಅರ್ಥ ಹೇಳುವವರು ಎಂದು ಗೊಣಗಿಕೊಂಡಳು. ಭಾನುವಾರ ಮಧ್ಯಾಹ್ನ ತಾನಾಗಿಯೇ ಬಂದು ಮೇಜಿನ ಒಂದು ಬದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಅದನ್ನು ಒಳಗಿನ ಕೋಣೆಗೆ ಸಾಗಿಸಿದರು. ಬಾಗಿಲಲ್ಲಿ ಅದು ಸಿಕ್ಕಿಕೊಂಡು, ಅವನ ಬೆರಳು ಜಜ್ಜಿತು.

ಸೋಮವಾರ ಹತ್ತಕ್ಕೆ ಅವನು ಕಾರಿಡಾರಿಗೆ ಹೋದ. ಬೆಂಚಿನ ಮೇಲಿದ್ದವನು ಎದ್ದು ನಿಂತ. ಕಚೇರಿಯವರು ಯಾರೇ ಹತ್ತಿರ ಬಂದರೂ ಅವನು ಏಳುತ್ತಿದ್ದ. ಅನುವಾದಕ ಅವನನ್ನು ತನ್ನ ಕೋಣೆಗೆ ಕರೆದುಕೊಂಡು ಬಂದು ಕೂರಿಸಿ, ಟೈಪಿಸ್ಟಿಗೆ ಯಂತ್ರಕ್ಕೆ ಕಾಗದ ಹಾಕಲು ಹೇಳಿದ. ಉಪಕಾರ್ಯದರ್ಶಿ ಒಪ್ಪಿದ ತಿದ್ದುಪಡಿ ಪತ್ರದ ಜೊತೆ ಗಂಡನ ಪ್ರಮಾಣವೂ ಹೋಗಬೇಕಿತ್ತು. ಹದಿನಾಲ್ಕನೆಯ ಉತ್ತರವನ್ನು ಅವನಿಗೆ ಓದಿ ಹೇಳಿದ. ತಾನು ಅದನ್ನು ಹೇಗೆ ಅನುವಾದ ಮಾಡಿದ್ದೆ, ಅದರಿಂದ ಏನಾಯಿತು ಎಂಬುದನ್ನೂ ಒಂದೂ ಬಿಡದೆ ಹೇಳಿದ. ಹೇಳುವಾಗ ಅವನ ಕಣ್ಣು ಎದುರಿನವನ ಜೇಬಿನ ಸ್ಕ್ರೂಡ್ರೈವರಿನ ಮೇಲಿತ್ತು, ಮುಖ ನೋಡಲಾಗಲಿಲ್ಲ.

“ತಪ್ಪು ನಂದು” ಅಂದ. “ಇಷ್ಟು ದಿನ ಅವರು ಒಳಗಿರೋದಕ್ಕೆ ನಾನೇ ಕಾರಣ.”

ಸೋಮವಾರದವನು ಬಹಳ ಹೊತ್ತು ಡಬ್ಬಿಯ ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಿದ್ದ. ಬಯ್ಯುತ್ತಾನೆ, ಎದ್ದು ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಅನುವಾದಕ ಕಾದ. ಹಾಗೆ ಮಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

“ನನ್ನ ಹೆಸ್ರು ಹೇಳಿದ್ರೆ ಈ ತಾಪತ್ರಯಾನೇ ಇರ್ತಿರ್ಲಿಲ್ಲ” ಅಂದ ಅವನು ಕೊನೆಗೆ. “ಒಂದಿನಾನೂ ಹೇಳಿಲ್ಲ ಅವ್ಳು.”

ಅನುವಾದಕ ಪ್ರಮಾಣದ ಸಾಲನ್ನು ಓದಿದ. ಸದರಿ ಉತ್ತರದಲ್ಲಿ ಯಜಮಾನ ಎಂದು ಹೇಳಲಾದ ವ್ಯಕ್ತಿಯು ನಾನೇ ಆಗಿರುತ್ತೇನೆ.

“ಹಂಗೆ ಬರೀಬೇಡಿ ಸಾರ್.”

“ಯಾಕೆ? ನೀವೇ ತಾನೆ?”

“ಯಜಮಾನ ಅನ್ನಿಸ್ಕೊಳ್ಳೋ ಅಂಥದ್ದು ಏನು ಮಾಡಿದೀನಿ ನಾನು?” ಅವನ ದನಿ ಏರಲಿಲ್ಲ. “ದೊಡ್ಡ ಹೋಟ್ಲು, ಅಡುಗೆ ಕೆಲ್ಸ, ಹೋಗು ಅಂದಿದ್ದು ನಾನು. ಬಂದ್ಬಿಡ್ಲಾ ಅಂದ್ಲು. ಒಂದ್ಸಲ ಅಲ್ಲ, ಎರಡು ಸಲ ಕೇಳಿದ್ಲು. ಹಿಂದೆ ಒಬ್ಬ ನಿಂತ್ಕೊಂಡು ಕೇಳಿಸ್ಕೊತಿದ್ದ ಅಂತ ನಂಗೇನು ಗೊತ್ತು. ಮನೆ ನೆನಪಾಗಿ ಹಂಗಂತಾಳೆ ಅನ್ಕೊಂಡೆ. ತಡ್ಕೊ ಅಂದೆ.”

ಟೈಪಿಸ್ಟ್ ಕೀಲಿಗಳ ಮೇಲಿಂದ ಕೈ ತೆಗೆದಳು. ಇದನ್ನು ಹೊಡೆಯಬೇಕೋ ಬೇಡವೋ ಎಂದು ಅನುವಾದಕನನ್ನು ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ. ಆಚೆ ದೇಶಕ್ಕೆ ಬೇಕಾದದ್ದು ಮೊದಲಿನ ಒಂದು ಸಾಲು ಮಾತ್ರ. ನೀವು ಹಾಗೆ ಬರೆದುಕೊಡದಿದ್ದರೆ ಅವರು ನಂಬುವುದಿಲ್ಲ ಎಂದು ಅವನು ವಿವರಿಸಿದ.

“ಇದಕ್ಕೆ ಸೈನ್ ಹಾಕಿದ್ರೆ ನನ್ನ ಹಿಡ್ಕೊಂಡು ಹೋಗ್ತಾರಾ?”

“ಇಲ್ಲ.”

“ಹೋದ್ರೂ ಹೋಗ್ಲಿ. ಅವ್ಳನ್ನ ಬಿಡ್ತಾರೆ ತಾನೆ?”

ಬಿಡಬಹುದು ಎಂದ ಅನುವಾದಕ. ಬಿಡುತ್ತಾರೆ ಅನ್ನಲು ಅವನಿಗೆ ಧೈರ್ಯ ಸಾಲಲಿಲ್ಲ. ಸೋಮವಾರದವನು ಪೆನ್ನನ್ನು ಸ್ಕ್ರೂಡ್ರೈವರಿನ ಹಾಗೆ ಬಿಗಿಯಾಗಿ ಹಿಡಿದು, ಯಜಮಾನ ಎಂಬ ಪದದ ಕೆಳಗೆ ನಿಧಾನವಾಗಿ ತನ್ನ ಹೆಸರು ಬರೆದ. ಅದರ ಕೆಳಗೆ ಅನುವಾದಕ ತನ್ನ ಹತ್ತೊಂಬತ್ತನೆಯ ನಂಬರಿನ ಮುದ್ರೆ ಒತ್ತಿದ. ನಿರ್ಲಕ್ಷ್ಯದ ತಪ್ಪೊಪ್ಪಿಗೆಗೂ ಅದೇ ಮುದ್ರೆ ಬಿತ್ತು. ಮೂರು ಗಂಟೆಗೆ ಉಪಕಾರ್ಯದರ್ಶಿ ಓದದೆಯೇ ಸಹಿ ಹಾಕಿದಳು. ಓದಿದರೆ ಮನಸ್ಸು ಬದಲಾಗುತ್ತದೆ ಅಂದಳು.

ಬುಧವಾರ ಒಪ್ಪಂದಕ್ಕೆ ಸಹಿ ಬಿತ್ತು. ಬಾವುಟಗಳು ನೆಟ್ಟಗೆ ನಿಂತಿದ್ದವು. ಆಚೆ ದೇಶದವರು ಕೈ ಕುಲುಕುತ್ತ, ನಿಮ್ಮ ಅನುವಾದಗಳು ಬಹಳ ಅಚ್ಚುಕಟ್ಟು ಅಂದರು. ಅದನ್ನು ಅನುವಾದ ಮಾಡಿ ಉಪಕಾರ್ಯದರ್ಶಿಗೆ ಹೇಳಬೇಕಾದವನೂ ಅವನೇ ಆದ. ಹೇಳಿದ. ಅವಳು ಕೆಮ್ಮಿದಳು.

ಗುರುವಾರ ಸಂಜೆ ನಾಲ್ಕು ಸಾಲಿನ ಸಂದೇಶ ಬಂತು. ತಿದ್ದುಪಡಿಯನ್ನು ನ್ಯಾಯಾಲಯ ಒಪ್ಪಿದೆ. ಮೂವತ್ತೇಳನೆಯ ಹೇಳಿಕೆಯವಳ ಮೇಲಿನ ಆರೋಪ ಕೈಬಿಡಲಾಗಿದೆ, ಹೆಸರು ಮೊದಲ ಪಟ್ಟಿಗೆ ಸೇರಿದೆ. ಪ್ರಯಾಣದ ಕಾಗದಪತ್ರಗಳಿಗೆ ಐದಾರು ವಾರ ಹಿಡಿಯುವುದರಿಂದ ಅಲ್ಲಿಯವರೆಗೆ ವಾರಕ್ಕೊಮ್ಮೆ ಮನೆಯವರ ಜೊತೆ ಫೋನಿನಲ್ಲಿ ಮಾತಾಡಬಹುದು. ಹದಿನೆಂಟು ಜನರ ವಿಚಾರಣೆ ಎಂದಿನಂತೆ ಮುಂದುವರಿಯುತ್ತದೆ. ಅನುವಾದಕ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡ. ಮರುದಿನ ಮುದ್ರೆಯನ್ನು ಅದರ ಡಬ್ಬಿಯ ಸಮೇತ ಆಡಳಿತ ವಿಭಾಗಕ್ಕೆ ಒಪ್ಪಿಸಿದ. ಅಲ್ಲಿನ ಗುಮಾಸ್ತ ಅದನ್ನು ತಿರುಗಿಸಿ ನೋಡಿ, ನಂಬರು ಸವೆದುಹೋಗಿದೆಯಲ್ಲ ಸಾರ್, ಎಷ್ಟು ಒತ್ತಿದೀರಿ ಅಂದ.

ಮುದ್ರೆ ಇಲ್ಲದವನು ಕಾಗದ ಮುಟ್ಟುವ ಹಾಗಿಲ್ಲ. ಆದರೆ ಸೋಮವಾರ ನಾಲ್ಕು ಗಂಟೆಗೆ ಫೋನು ಬರುವುದಿತ್ತು. ಆಚೆ ತುದಿಯಲ್ಲಿ ಅವರ ಅಧಿಕಾರಿಯೊಬ್ಬಳು ಕೇಳಿಸಿಕೊಳ್ಳುತ್ತಾಳೆ, ಆಡಿದ ಪ್ರತಿ ಮಾತನ್ನೂ ಅವಳ ಭಾಷೆಯಲ್ಲಿ ಅವಳಿಗೆ ಹೇಳಬೇಕು, ಅದು ಅವರ ಶರತ್ತು. ಆ ಭಾಷೆ ಬಲ್ಲವನು ಕಟ್ಟಡದಲ್ಲಿ ಇನ್ನೊಬ್ಬನಿರಲಿಲ್ಲ. ಬಾಯಿಮಾತಿಗೆ ಮುದ್ರೆ ಬೇಡವಲ್ಲ, ಬನ್ನಿ ಎಂದು ಉಪಕಾರ್ಯದರ್ಶಿ ಹೇಳಿಕಳಿಸಿದಳು.

ಅವಳ ಕೋಣೆಯಲ್ಲಿ ಎರಡು ಫೋನುಗಳನ್ನು ಒಂದೇ ತಂತಿಗೆ ಸೇರಿಸಿ ಇಟ್ಟಿದ್ದರು. ಸೋಮವಾರದವನು ಕುರ್ಚಿಯ ತುದಿಯಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸ್ಕ್ರೂಡ್ರೈವರ್ ಇರಲಿಲ್ಲ. ಬೆಳಿಗ್ಗೆ ಹತ್ತರಿಂದ ಬೆಂಚಿನ ಮೇಲಿದ್ದವನನ್ನು ಮೂರೂಮುಕ್ಕಾಲಿಗೆ ಒಳಗೆ ಕರೆದಿದ್ದರು. ಡಬ್ಬಿ ಎಂದಿನಂತೆ ತೊಡೆಯ ಮೇಲಿತ್ತು. ಗಂಟೆ ಬಾರಿಸಿದಾಗ ಅವನು ಎರಡೂ ಕೈಯಲ್ಲಿ ರಿಸೀವರನ್ನು ಹಿಡಿದುಕೊಂಡ. ಅನುವಾದಕ ಇನ್ನೊಂದನ್ನು ಎತ್ತಿಕೊಂಡ. ಆಚೆಯ ಅಧಿಕಾರಿ ತನ್ನ ಹೆಸರು, ದಿನಾಂಕ, ಸಮಯ ಹೇಳಿ, ಇನ್ನು ಮಾತಾಡಬಹುದು ಅಂದಳು.

ತಂತಿಯಲ್ಲಿ ಒಂದು ಉಸಿರು ಕೇಳುತ್ತಿತ್ತು, ಹೆಂಗಸಿನದು. ಸೋಮವಾರದವನ ತುಟಿ ಎರಡು ಸಲ ಅಲುಗಿ ಸುಮ್ಮನಾಯಿತು. ಕ್ಷಮಿಸು ಅನ್ನುತ್ತಾನೆ, ಅಳುತ್ತಾನೆ ಎಂದು ಅನುವಾದಕ ಆ ಭಾಷೆಯ ಪದಗಳನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದ.

“ಊಟ ಆಯ್ತಾ?”

ಏನಂದರು ಎಂದು ಅಧಿಕಾರಿ ಕೇಳಿದಳು. ಅನುವಾದಕ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಕಡೆ ಅವಳ ಪೆನ್ನು ಕಾಗದದ ಮೇಲೆ ಓಡಿದ ಸದ್ದು ಕೇಳಿಸಿತು.

“ಆಯ್ತು” ಅಂದಳು ಹೆಂಗಸು. ದನಿ ಒಡೆದಿತ್ತು, ಆದರೂ ಅವಸರವಿರಲಿಲ್ಲ. “ನಿಮ್ದು?”

ಅನುವಾದಕ ಅದನ್ನೂ ಹೇಳಿದ. ಸೋಮವಾರದವನು ಒಂದು ಕೈಯನ್ನು ರಿಸೀವರಿನಿಂದ ಬಿಡಿಸಿ ಡಬ್ಬಿಯ ಮೇಲಿಟ್ಟುಕೊಂಡ. ಬಿಗಿಯಾಗಿ ಕೂತಿದ್ದ ಮುಚ್ಚಳವನ್ನು ಅಂಗೈಯಿಂದ ಮರೆಮಾಡಿದ.

“ಆಯ್ತು.”

ಏನಂದರು ಎಂದಳು ಅಧಿಕಾರಿ. ಅನುವಾದಕ ಡಬ್ಬಿಯನ್ನು ನೋಡುತ್ತಲೇ, ಆಯಿತಂತೆ ಎಂದು ಆಚೆ ದೇಶಕ್ಕೆ ತಿಳಿಸಿದ.